ಲೋಗೋದೊಳಗಿನ ದೋಷ

ಉಡುಪಿಯ ನಮ್ಮ ಕಚೇರಿಯ 14 ಕಂಪ್ಯೂಟರ್‌ಗಳ ಫರ್ಮ್‌ವೇರ್ (ಯಂತ್ರವನ್ನು ಎಬ್ಬಿಸುವ, ಮದರ್‌ಬೋರ್ಡ್‌ನಲ್ಲೇ ಇರುವ ತಂತ್ರಾಂಶ) ಆವೃತ್ತಿಗಳನ್ನು ಇಂದು ಒಂದೊಂದಾಗಿ ಪರಿಶೀಲಿಸಿದೆ. 2023ರ ಡಿಸೆಂಬರ್‌ನಲ್ಲಿ ಬಹಿರಂಗವಾದ ಲೋಗೋಫೇಲ್ ದೋಷಗಳಲ್ಲಿ, ಯಂತ್ರ ಆನ್ ಆದೊಡನೆ ಕಾಣುವ ಕಂಪನಿಯ ಲೋಗೋವನ್ನು ಓದುವ ಯುಇಎಫ್‌ಐ (ಇಂದಿನ ಕಂಪ್ಯೂಟರ್‌ಗಳ ಫರ್ಮ್‌ವೇರ್) ಕೋಡ್, ಚಿತ್ರದ ಕಡತ ಹೇಳುವ ಅಳತೆಗಳನ್ನು ಪರೀಕ್ಷಿಸದೆ ನಂಬಿಬಿಡುವುದರಿಂದ, ಮೀಸಲಿಟ್ಟ ಜಾಗದ ಗಡಿ ದಾಟಿ ಪಕ್ಕದ ಮೆಮೊರಿಯ ಮೇಲೆ ಬರೆದುಬಿಡಬಹುದು. ಹೀಗೆ ದಾಳಿಕೋರ ತಿದ್ದಿದ ಲೋಗೋ ಇಟ್ಟು ತನ್ನ ಕೋಡ್ ಓಡಿಸಬಹುದು; ಆಪರೇಟಿಂಗ್ ಸಿಸ್ಟಮ್ ಇನ್ನೂ ಎದ್ದಿರದ ಹೊತ್ತಾದ್ದರಿಂದ ಆಂಟಿವೈರಸ್‌ಗೆ ಸುಳಿವೇ ಸಿಗದು. ಆದರೆ ಲೋಗೋ ಬದಲಿಸಲು ಸಾಮಾನ್ಯವಾಗಿ ಅಡ್ಮಿನ್ ಅಧಿಕಾರ ಮೊದಲೇ ಕೈಯಲ್ಲಿರಬೇಕಾದ್ದರಿಂದ, ವರದಿಯಲ್ಲಿ ಇದನ್ನು ತುರ್ತು ಎನ್ನದೆ ಗಂಭೀರ ಎಂದಷ್ಟೇ ಬರೆದೆ. ಪರಿಹಾರವೇನೋ ಬಯೋಸ್ ಅಪ್‌ಡೇಟ್, ಅಂದರೆ ಫರ್ಮ್‌ವೇರನ್ನೇ ಹೊಸದಾಗಿಸುವುದು. ಆದರೆ ಆಟಿಯ ಮಳೆಗೆ ಗಳಿಗೆಗೊಮ್ಮೆ ಕರೆಂಟ್ ಹೋಗುವ ಈ ಊರಿನಲ್ಲಿ, ಅದು ಅರ್ಧಕ್ಕೆ ನಿಂತು ಮದರ್‌ಬೋರ್ಡ್ ಏಳದೇ ಹೋದೀತೆಂಬ ಭಯವೇ ನನಗೆ ದೋಷದ ಭಯಕ್ಕಿಂತ ದೊಡ್ಡದು. ಯುಪಿಎಸ್‌ಗೆ ಹೊಸ ಬ್ಯಾಟರಿ ಬರುವವರೆಗೆ ಎರಡು ಯಂತ್ರಗಳನ್ನು ಹಾಗೆಯೇ ಬಿಟ್ಟಿದ್ದೇನೆ.