ಕೇಳದೆ ಬಿಟ್ಟ ಒಂದು ಪ್ರಶ್ನೆ

"ವಕೀಲರೇ, ಈ ಪಾಲುಪಟ್ಟಿಯ ಸಂಗತಿ ನಿಮ್ಮ ವಾದಪತ್ರದಲ್ಲಿ ಎಲ್ಲಿದೆ?"

ನ್ಯಾಯಾಧೀಶರು ಹೀಗೆ ಕೇಳಿದಾಗ ನನ್ನ ಬಾಯಿ ಒಣಗಿತು. ಅದು ಎಲ್ಲಿಯೂ ಇರಲಿಲ್ಲ.

ರಾಯಚೂರಿನ ಅಣ್ಣತಮ್ಮಂದಿರ, ಹತ್ತಿಯಿಂದ ಬೀಜ ಬೇರ್ಪಡಿಸುವ ಜಿನ್ನಿಂಗ್ ಮಿಲ್ಲಿನ ದಾವೆ ಅದು. ತಮ್ಮ ನನ್ನ ಕಕ್ಷಿದಾರ. ಅಣ್ಣ ಗೋದಾಮನ್ನು ಜಾಗದ ಸಮೇತ ಮಾರಲು ಹೊರಟಿದ್ದಾನೆ ಎಂದು ಶುಕ್ರವಾರ ಸಂಜೆ ಓಡಿಬಂದಿದ್ದರು. ಆಸ್ತಿ ಇಂದಿಗೂ ಒಟ್ಟು ಕುಟುಂಬದ್ದು, ಪಾಲೇ ಆಗಿಲ್ಲ ಎಂದು ಬರೆದು, ಮಧ್ಯಂತರ ಅರ್ಜಿ (ಐಎ) ಹಾಕಿ, ಎದುರಿನವರ ಮಾತು ಕೇಳುವ ಮೊದಲೇ ಕೊಡುವ ಏಕಪಕ್ಷೀಯ ತಡೆಯಾಜ್ಞೆಯನ್ನು ಸೋಮವಾರವೇ ತಂದೆ. ಬರೆಸುವಾಗ ಅವರು, "ಗೋದಾಮು ಅವನಿಗೆ, ಜಿನ್ ನನಗೆ ಎಂದು ಮನೆಯಲ್ಲಿ ಮಾತಾಗಿತ್ತು ಸರ್" ಎಂದಿದ್ದರು. ನನ್ನ ಪೆನ್ನು ಅರೆಕ್ಷಣ ನಿಂತಿತ್ತು. ಬರೀ ಮಾತಾಗಿತ್ತೋ, ಬರೆದುಕೊಂಡಿದ್ದಿರೋ? ಉತ್ತರ ಏನು ಬರಬಹುದೆಂಬ ಅಂದಾಜು ನನಗಿತ್ತು. ಅದಕ್ಕೇ ಕೇಳಲಿಲ್ಲ.

ಎದುರಿನವರು ತಡೆಯಾಜ್ಞೆ ತೆರವಿಗೆ ಹಾಕುವ, ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 39, ನಿಯಮ 4ರ ಅರ್ಜಿಯ ಜೊತೆ ಪಾಲುಪಟ್ಟಿಯನ್ನೇ ತಂದಿದ್ದರು. ಮಡಿಕೆಗಳಲ್ಲಿ ಹರಿದು ಟೇಪು ಹಚ್ಚಿದ ಛಾಪಾ ಕಾಗದ. ತಾಯಿಯ ಹೆಬ್ಬೆಟ್ಟು, ಅದರ ಕೆಳಗೆ ನನ್ನ ಕಕ್ಷಿದಾರರ ಸಹಿ. ಅಫಿಡವಿಟ್‌ನಲ್ಲಿದ್ದ ಸಹಿಯ ಬಾಲಕ್ಕೂ ಇದರ ಬಾಲಕ್ಕೂ ಒಂದು ಗೀರಿನ ವ್ಯತ್ಯಾಸವಿರಲಿಲ್ಲ.

"ಇದು ನೋಂದಣಿಯಾಗಿಲ್ಲ, ನೋಂದಣಿ ಕಾಯ್ದೆಯ 49ನೇ ಕಲಮಿನ ಪ್ರಕಾರ ಸಾಕ್ಷ್ಯಕ್ಕೆ ಬರುವುದಿಲ್ಲ" ಎಂದೆ. "ಅದನ್ನು ಆಮೇಲೆ ನೋಡೋಣ. ಇಂಥ ಕಾಗದ ಇರುವುದು ನಿಮ್ಮ ಕಕ್ಷಿದಾರರಿಗೆ ಗೊತ್ತಿತ್ತೋ ಇಲ್ಲವೋ?" ಎಂದರು ನ್ಯಾಯಾಧೀಶರು. ಹಿಂದಿರುಗಿ ನೋಡಿದೆ. ಅವರು ನೆಲ ನೋಡುತ್ತಿದ್ದರು. ಬೇರೆ ಪ್ರಕರಣಗಳಿಗೆ ಕಾಯುತ್ತಿದ್ದ ವಕೀಲರೂ ಕಡತ ತಿರುವುವುದನ್ನು ನಿಲ್ಲಿಸಿದ್ದರು. ಎದುರಿನ ವಕೀಲರು ಚೆಂಗಲ್ವರಾಯ ನಾಯ್ಡು ಪ್ರಕರಣದ ಸುಪ್ರೀಂ ಕೋರ್ಟ್ ತೀರ್ಪನ್ನು ಮುಂದಿಟ್ಟರು. 1993ರದು. ಅಲ್ಲಿಯೂ ಪಾಲಿನ ದಾವೆಯೇ. ವಾದಿ ತಾನೇ ಬರೆದುಕೊಟ್ಟಿದ್ದ ಹಕ್ಕು ಬಿಡುಗಡೆ ಪತ್ರವನ್ನು ಮುಚ್ಚಿಟ್ಟದ್ದು ನ್ಯಾಯಾಲಯಕ್ಕೆ ಮಾಡಿದ ವಂಚನೆ ಎಂದು ಅದರಲ್ಲಿ ತೀರ್ಮಾನವಾಗಿದೆ. ನಾನು ಎಷ್ಟೋ ಸಲ ಬೇರೆಯವರ ವಿರುದ್ಧ ಓದಿದ ತೀರ್ಪು.

ತಡೆಯಾಜ್ಞೆ ತೆರವಾಯಿತು, ಖರ್ಚೂ ನಮ್ಮ ಮೇಲೆ ಬಿತ್ತು.

ನನ್ನನ್ನು ಇಂದಿಗೂ ಕೊರೆಯುವುದು ಒಂದೇ. ಕಾನೂನು ನಮ್ಮ ಕಡೆಗೇ ಇತ್ತು. ಸ್ಥಿರಾಸ್ತಿಯನ್ನು ಹಂಚುವ ಕಾಗದ ನೋಂದಣಿಯಾಗದಿದ್ದರೆ ಅದರಿಂದ ಪಾಲನ್ನು ಸಾಬೀತುಪಡಿಸುವುದು ಸುಲಭವಲ್ಲ. ಹೀಗೊಂದು ಪಟ್ಟಿ ಬರೆದದ್ದುಂಟು, ಅದು ನೋಂದಣಿಯಾಗಿಲ್ಲ, ಅದರಂತೆ ಯಾರೂ ನಡೆದುಕೊಂಡಿಲ್ಲ ಎಂದು ವಾದಪತ್ರದಲ್ಲಿ ನಾವೇ ಮೂರು ಸಾಲು ಬರೆದಿದ್ದರೆ ಧೈರ್ಯವಾಗಿ ವಾದಿಸಬಹುದಿತ್ತು. ಎದುರಿನವರ ಕೈಯಿಂದ ಹೊರಬಂದದ್ದರಿಂದ ಅದೇ ಕಾಗದ ನಮ್ಮ ಸುಳ್ಳಿಗೆ ಸಾಕ್ಷಿಯಾಯಿತು. ತಡೆಯಾಜ್ಞೆಯನ್ನು ಎಷ್ಟು ಬೇಗ ತಂದರು ಎಂಬುದರಿಂದಲೇ ವಕೀಲರನ್ನು ಅಳೆಯುವ ನಮ್ಮ ಕಚೇರಿಗಳ ರೂಢಿಯ ಮೇಲೆ ನನಗೆ ನಿಜಕ್ಕೂ ಸಿಟ್ಟಿದೆ. ಆದರೆ ಆ ಶುಕ್ರವಾರ ಪೆನ್ನು ಹಿಡಿದಿದ್ದವನು ನಾನು.

ಹೊರಗೆ ಬಂದು, "ಮೊದಲೇ ಏಕೆ ಹೇಳಲಿಲ್ಲ?" ಎಂದು ರೇಗಿದೆ. "ನೀವು ಕೇಳಲಿಲ್ಲವಲ್ಲ ಸರ್" ಎಂದರು.

ಗೋದಾಮು ಮಾರಾಟವಾಗಿದೆ. ಕೊಂಡವರನ್ನು ಪ್ರತಿವಾದಿಯಾಗಿ ಸೇರಿಸುವ ಅರ್ಜಿಯನ್ನು ಈ ವಾರ ಹಾಕಬೇಕು. ಅದರ ಮೊದಲ ಪ್ಯಾರಾದಲ್ಲಿ ಪಾಲುಪಟ್ಟಿಯ ತಾರೀಖು ಬರೆದಿದ್ದೇನೆ.