ಸುಮ್ಮನಿದ್ದಾಗ 12.4

ತೀರ್ಥಹಳ್ಳಿಯ ಮಳೆಯಲ್ಲಿ ನಾಲ್ಕು ದಿನ ನಿಂತೇ ಇದ್ದ ಕಾರು ಇಂದು ಬೆಳಿಗ್ಗೆ ಕೀಲಿ ತಿರುಗಿಸಿದರೆ ‘ಟಿಕ್ ಟಿಕ್’ ಎಂದಿತಷ್ಟೇ.

ಮಲ್ಟಿಮೀಟರ್ 12.4 ವೋಲ್ಟ್ ತೋರಿಸಿದ್ದರಿಂದ ಬ್ಯಾಟರಿ ಸರಿಯಿದೆಯೆಂದೇ ನಂಬಿ, ಟರ್ಮಿನಲ್‌ಗಳ ಮೇಲೆ ಕಟ್ಟಿದ್ದ ಬಿಳಿಹಸಿರು ಪುಡಿಯನ್ನು ಅಡುಗೆ ಸೋಡಾ ಹಾಕಿ ಉಜ್ಜಿ ತೆಗೆದೆ, ಫಲವಾಗಲಿಲ್ಲ. ತಮ್ಮನಿಂದ ಕೀಲಿ ತಿರುಗಿಸಿ ಮತ್ತೊಮ್ಮೆ ಅಳೆದಾಗ ಅಂಕಿ ನೇರವಾಗಿ 7ಕ್ಕೆ ಕುಸಿಯಿತು. ಚಾರ್ಜ್ ಇದ್ದೂ, ಎಂಜಿನ್ ಎಬ್ಬಿಸುವ ಸ್ಟಾರ್ಟರ್‌ನ ಭಾರಕ್ಕೆ 9.6ಕ್ಕಿಂತ ಕೆಳಗಿಳಿಯುವ ಬ್ಯಾಟರಿಯ ಆಯಸ್ಸು ಮುಗಿದಂತೆಯೇ.

ಜಗುಲಿಯಲ್ಲಿ ಕೂತಷ್ಟು ಹೊತ್ತೂ ‘ಆರಾಮಿದ್ದೇನೆ’ ಎನ್ನುತ್ತಿದ್ದ, ಮೆಟ್ಟಿಲು ಹತ್ತುವಾಗ ಮಾತ್ರ ಗೋಡೆ ಹಿಡಿಯುತ್ತಿದ್ದ ಅಜ್ಜಯ್ಯನ ನೆನಪಾಯಿತು.

ಮೊದಲು ನೆಗೆಟಿವ್ ತಂತಿ ಬಿಚ್ಚಿ, ಹೊಸ ಬ್ಯಾಟರಿ ಕೂರಿಸಿ, ಕೊನೆಗೆ ಆ ತಂತಿಯನ್ನೇ ಜೋಡಿಸಿದ್ದಾಯಿತು. ಎಂಜಿನ್ ಓಡುವಾಗ ಈಗ 14.1 ಬರುತ್ತಿದೆ, ಅಂದರೆ ಬ್ಯಾಟರಿಗೆ ಚಾರ್ಜ್ ತುಂಬುವ ಆಲ್ಟರ್ನೇಟರ್ ನಿರಪರಾಧಿ. ಕಾರಿನ ಗಡಿಯಾರ ಮಾತ್ರ ಇನ್ನೂ 12:00 ಎಂದೇ ಮಿನುಗುತ್ತಿದೆ.