ನೀರಿನಡಿಯಲ್ಲಿ ದಾಕ್ಷಿಣ್ಯ ಬೇಡ

ಸ್ಕೂಬಾ ಡೈವಿಂಗ್ ಪ್ರಮಾಣಪತ್ರ ಕೈಸೇರಿ ಏಳು ವಾರಗಳಷ್ಟೇ ಆಗಿದ್ದಾಗ ನಾನು ಕ್ರೂಸ್ ಹಡಗಿನಿಂದ ಒಂದು ಬಂದರಿನಲ್ಲಿ ಇಳಿದು, ಅಂದು ಬೆಳಿಗ್ಗೆಯಷ್ಟೇ ಮುಖ ನೋಡಿದ್ದ ಐವರೊಡನೆ ಡೈವ್ ಮಾಡಿದೆ. ಹವಳದ ದಿಬ್ಬದ ಅಂಚಿನಲ್ಲಿ ಆಮೆಯೊಂದನ್ನು ನೋಡುತ್ತ ಮೈಮರೆತಿದ್ದವಳು ಮಣಿಕಟ್ಟಿನ ಕಂಪ್ಯೂಟರಿನತ್ತ ಕಣ್ಣು ಹಾಯಿಸಿದಾಗ ಅದು 23.4 ಮೀಟರ್ ತೋರಿಸುತ್ತಿತ್ತು. ನನ್ನಂತೆ ಓಪನ್ ವಾಟರ್ ಎಂಬ ಆರಂಭಿಕ ಹಂತದ ಪ್ರಮಾಣಪತ್ರ ಪಡೆದವರಿಗೆ ಹೇಳಿರುವ ಮಿತಿ 18 ಮೀಟರ್. ನನ್ನನ್ನು ಯಾರೂ ಎಳೆದುಕೊಂಡು ಹೋಗಿರಲಿಲ್ಲ. ಇಳಿಜಾರು ಮೆಲ್ಲಮೆಲ್ಲಗೆ ತಗ್ಗುತ್ತಿತ್ತು, ಗೈಡ್ ಮುಂದಿದ್ದರು, ಉಳಿದವರು ಅವರ ಹಿಂದಿದ್ದರು, ನಾನೊಬ್ಬಳು ಮೇಲೆಯೇ ನಿಂತರೆ ಎಲ್ಲರ ಡೈವ್ ಕೆಟ್ಟೀತೆಂಬ ಸಂಕೋಚದಿಂದ ನಾನೂ ಇಳಿದಿದ್ದೆ. ಅನಾಹುತವೇನೂ ಆಗಲಿಲ್ಲ. ಆದರೆ ಎಲ್ಲರಿಗಿಂತ ಮೊದಲು ಗಾಳಿ ತಳ ಕಂಡದ್ದು ನನ್ನ ಸಿಲಿಂಡರಿನದು. ದೋಣಿ ಹತ್ತಿದಾಗ ಗಾಳಿಯ ಒತ್ತಡ ತೋರಿಸುವ ಗೇಜಿನ ಮುಳ್ಳು 30 ಬಾರಿನ ಆಸುಪಾಸಿನಲ್ಲಿತ್ತು; ತುಂಬಿದ ಸಿಲಿಂಡರಿನಲ್ಲಿ ಅದು ಸುಮಾರು 200 ಬಾರ್ ತೋರಿಸುತ್ತದೆ.

ಆಗಿನಿಂದ ಕ್ರೂಸ್ ಪ್ರವಾಸದಲ್ಲಿ ಡೈವ್ ಮಾಡಹೊರಟ ಹೊಸಬರು ಸಲಹೆ ಕೇಳಿದಾಗಲೆಲ್ಲ ನಾನು ಮೊದಲು ಹೇಳುವುದು ದಾಕ್ಷಿಣ್ಯದ ಬಗ್ಗೆಯೇ. ತರಬೇತಿಯಲ್ಲಿ ಮಾಸ್ಕಿನ ನೀರು ಹೊರಹಾಕುವುದನ್ನು ಕಲಿಸುತ್ತಾರೆ, ಉಸಿರಾಡಲು ಬಾಯಿಗಿಟ್ಟುಕೊಳ್ಳುವ ರೆಗ್ಯುಲೇಟರ್ ಜಾರಿದರೆ ಹುಡುಕುವುದನ್ನು ಕಲಿಸುತ್ತಾರೆ. ಹಣ ಕೊಟ್ಟಾಗಿದೆ, ದೋಣಿ ಹೊರಟಾಗಿದೆ, ಹತ್ತು ಜನ ಕಾಯುತ್ತಿದ್ದಾರೆ ಎಂಬ ಸ್ಥಿತಿಯಲ್ಲಿ ‘ನನಗೆ ಆಗದು’ ಎನ್ನುವುದನ್ನು ಅಷ್ಟಾಗಿ ಅಭ್ಯಾಸ ಮಾಡಿಸುವುದಿಲ್ಲ. ಒಂದೇ ಊರಿನಲ್ಲಿ ವಾರವಿಡೀ ತಂಗಿ ಡೈವ್ ಮಾಡುವವರಿಗೆ ಮೂರನೆಯ ದಿನದ ಹೊತ್ತಿಗೆ ಗೈಡ್ ಪರಿಚಿತರಾಗಿರುತ್ತಾರೆ, ಗಾಳಿ ತುಂಬಿ ತೇಲುವಿಕೆ ಹೊಂದಿಸಿಕೊಳ್ಳುವ ಬಾಡಿಗೆಯ ಜಾಕೆಟ್ಟೂ ಮೈಗೆ ಒಗ್ಗಿರುತ್ತದೆ. ಕ್ರೂಸಿನಲ್ಲಿ ಪ್ರತಿ ಬಂದರೂ ಮೊದಲ ದಿನವೇ: ಹೊಸ ದೋಣಿ, ಹೊಸ ಸಲಕರಣೆ, ಹೊಸ ಜೊತೆಗಾರ, ಮತ್ತು ಎಲ್ಲರ ತಲೆಯ ಮೇಲೆ ಹಡಗು ಹೊರಡುವ ಗಡಿಯಾರ.

ಆದ್ದರಿಂದ ನೆಲದ ಮೇಲೆ ಮುಗಿಸಬಹುದಾದ ಕೆಲಸಗಳನ್ನು ನೆಲದ ಮೇಲೆಯೇ ಮುಗಿಸಿಕೊಳ್ಳಬೇಕು. ಇವುಗಳಲ್ಲಿ ಜನ ಹೆಚ್ಚಾಗಿ ಎಡವುವುದು ವೈದ್ಯಕೀಯ ಪ್ರಶ್ನಾವಳಿಯಲ್ಲಿ. ಡೈವಿಂಗ್ ಕೇಂದ್ರಗಳು ಸಾಮಾನ್ಯವಾಗಿ ದೋಣಿ ಹತ್ತುವ ಮುನ್ನ ಈ ಪತ್ರವನ್ನು ತುಂಬಿಸಿಕೊಳ್ಳುತ್ತವೆ. ಆಸ್ತಮಾ, ಹೃದಯ, ರಕ್ತದೊತ್ತಡ, ಕಿವಿಯ ಶಸ್ತ್ರಚಿಕಿತ್ಸೆ, ನಿತ್ಯ ಸೇವಿಸುವ ಔಷಧಿ ಮುಂತಾದವುಗಳಲ್ಲಿ ಯಾವುದಕ್ಕಾದರೂ ‘ಹೌದು’ ಎಂದು ಬರೆದರೆ ವೈದ್ಯರ ಸಹಿ ಕೇಳುವ ಸಂದರ್ಭ ಬರುತ್ತದೆ. ಬಂದರಿನ ಕಟ್ಟೆಯ ಮೇಲೆ ಬೆಳಿಗ್ಗೆ ಎಂಟು ಗಂಟೆಗೆ ಆ ಸಹಿಯನ್ನು ಎಲ್ಲಿಂದ ತರುವುದು? ಆ ಇಕ್ಕಟ್ಟಿನಲ್ಲಿ ಕೆಲವರು ‘ಹೌದು’ ಇದ್ದಲ್ಲಿ ‘ಇಲ್ಲ’ ಎಂದು ಬರೆದು ದೋಣಿ ಹತ್ತಿಬಿಡುತ್ತಾರೆ. ಪ್ರಶ್ನಾವಳಿಯನ್ನು ತಿಂಗಳ ಮೊದಲೇ ತರಿಸಿಕೊಂಡು ಓದಿ, ಅಗತ್ಯವಿದ್ದರೆ ವೈದ್ಯರನ್ನು ಕಂಡು ಸಹಿ ಮಾಡಿಸಿಟ್ಟುಕೊಂಡರೆ ಸುಳ್ಳು ಬರೆಯುವ ಪ್ರಸಂಗವೇ ಬರುವುದಿಲ್ಲ. ವಿಮೆಯ ವಿಷಯವೂ ಹೀಗೆಯೇ. ಪ್ರವಾಸ ವಿಮೆಗಳಲ್ಲಿ ಹಲವು ಸ್ಕೂಬಾ ಡೈವಿಂಗನ್ನು ಹೊರಗಿಡುತ್ತವೆ ಅಥವಾ ಇಂತಿಷ್ಟು ಆಳದವರೆಗೆ ಮಾತ್ರ ಒಪ್ಪುತ್ತವೆ. ಹೈಪರ್‌ಬಾರಿಕ್ ಚೇಂಬರಿನ (ಹೆಚ್ಚಿನ ಒತ್ತಡದಲ್ಲಿ ಆಮ್ಲಜನಕ ಕೊಡುವ ಕೋಣೆಯ) ಚಿಕಿತ್ಸೆ, ದ್ವೀಪದಿಂದ ವಿಮಾನದಲ್ಲಿ ಸಾಗಿಸುವ ವೆಚ್ಚ ಇವೆಲ್ಲ ಸಣ್ಣ ಬಾಬ್ತುಗಳಲ್ಲ. 1980ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ, ಈಗ ಡ್ಯಾನ್ ಎಂಬ ಹ್ರಸ್ವನಾಮದಿಂದ ಪ್ರಸಿದ್ಧವಾಗಿರುವ ಡೈವರ್ಸ್ ಅಲರ್ಟ್ ನೆಟ್‌ವರ್ಕ್ ಇಂಥ ವಿಮೆಯನ್ನೂ ಹಗಲಿರುಳು ತುರ್ತು ದೂರವಾಣಿಯನ್ನೂ ನಡೆಸುತ್ತದೆ. ಪ್ರಮಾಣಪತ್ರ ಮೊಬೈಲಿನ ಆಪ್‌ನಲ್ಲಿದೆಯೆಂದು ನೆಚ್ಚಿಕೊಂಡು ಹೋಗಿ, ಸಮುದ್ರದ ನಡುವೆ ಇಂಟರ್ನೆಟ್ ಸಿಗದೆ ಪರದಾಡಿದವರನ್ನು ನೋಡಿದ್ದೇನೆ. ಅದರ ಚಿತ್ರವೊಂದನ್ನು ಫೋನಿನಲ್ಲಿ ಉಳಿಸಿಕೊಳ್ಳಲು ಅರ್ಧ ನಿಮಿಷ ಸಾಕು.

ತರಬೇತಿ ಮುಗಿದು ಆರು ತಿಂಗಳೋ ವರ್ಷವೋ ಕಳೆದಿದ್ದರೆ ಹೊರಡುವ ಮುನ್ನ ಈಜುಕೊಳದಲ್ಲಿ ಒಂದು ಪುನರಭ್ಯಾಸ ಮಾಡಿಕೊಳ್ಳುವುದು ಒಳಿತು. ಸಾಮಾನುಗಳಲ್ಲಿ ಎರಡನ್ನು ಮಾತ್ರ ಸ್ವಂತದ್ದಾಗಿ ಒಯ್ಯಿರಿ ಎನ್ನುತ್ತೇನೆ: ಮುಖಕ್ಕೆ ಸರಿಯಾಗಿ ಕೂರುವ ಮಾಸ್ಕ್ ಮತ್ತು ಬಳಸಲು ಗೊತ್ತಿರುವ ಡೈವ್ ಕಂಪ್ಯೂಟರ್. ಉಳಿದದ್ದನ್ನು ಬಾಡಿಗೆಗೆ ಪಡೆಯಬಹುದು. ಚಾಕು ಬೇಡ, ಹಡಗಿನ ತಪಾಸಣೆಯಲ್ಲಿ ಸಿಕ್ಕಿಹಾಕಿಕೊಳ್ಳಬಹುದು, ಮೇಲಾಗಿ ಮೆಕ್ಸಿಕೋದ ದ್ವೀಪ ಕೊಜುಮೆಲ್‌ನ ಸಾಗರ ಉದ್ಯಾನದಂಥ ಕಡೆ ಚಾಕು, ಕೈಗವಸು ಎರಡಕ್ಕೂ ನಿಷೇಧವಿದೆ.

ಹಡಗಿನವರೇ ಏರ್ಪಡಿಸುವ ಡೈವಿಗೆ ಹೋಗಬೇಕೋ, ಬಂದರಿನ ಸ್ವತಂತ್ರ ಡೈವಿಂಗ್ ಕೇಂದ್ರವನ್ನು ನಾವೇ ಗೊತ್ತುಮಾಡಿಕೊಳ್ಳಬೇಕೋ ಎಂಬ ಪ್ರಶ್ನೆಗೆ ಎರಡು ಬದಿಗಳಿವೆ. ಹಡಗಿನವರ ಏರ್ಪಾಟಿನಲ್ಲಿ ದೋಣಿ ತಡವಾದರೆ ಹಡಗು ಸಾಮಾನ್ಯವಾಗಿ ಕಾಯುತ್ತದೆ. ಸ್ವತಂತ್ರವಾಗಿ ಹೋದವರಿಗೆ ಕಾಯುವುದಿಲ್ಲ. ಆದರೆ ಹಡಗಿನವರ ಗುಂಪು ದೊಡ್ಡದಾಗಿರಬಹುದು. ಪ್ರಮಾಣಪತ್ರವೇ ಇಲ್ಲದೆ ಮೊದಲ ಬಾರಿಗೆ ರುಚಿ ನೋಡಲು ಬಂದವರನ್ನೂ ನಮ್ಮನ್ನೂ ಒಂದೇ ದೋಣಿಗೆ ಹತ್ತಿಸುವುದೂ ಉಂಟು. ಮೊದಲ ಕ್ರೂಸಿನಲ್ಲಿ ಹಡಗಿನವರ ಏರ್ಪಾಟೇ ವಾಸಿ ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ಗಡಿಯಾರದ ಚಿಂತೆಯೊಂದು ತಪ್ಪಿದರೆ ತಲೆಯಲ್ಲಿ ಗಾಳಿಯ ಗೇಜಿಗೆ ಜಾಗ ಉಳಿಯುತ್ತದೆ. ಸ್ವತಂತ್ರವಾಗಿ ಹೋಗುವುದಾದರೆ ಹಡಗಿನ ಸಮಯ, ಊರಿನ ಸಮಯ ಎರಡನ್ನೂ ಬರೆದಿಟ್ಟುಕೊಳ್ಳಿ. ಕೊಜುಮೆಲ್ ಇರುವ ಕಿಂಟಾನಾ ರೋ ರಾಜ್ಯ 2015ರಿಂದ ವರ್ಷವಿಡೀ ಒಂದೇ ಸಮಯ ಪಾಲಿಸುತ್ತದೆ. ಬೇಸಿಗೆಯಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸುವ ಫ್ಲೋರಿಡಾದಿಂದ ಹೊರಟ ಹಡಗು ತನ್ನ ಸಮಯವನ್ನೇ ಇಟ್ಟುಕೊಂಡಿದ್ದರೆ ಹಡಗಿಗೂ ಊರಿಗೂ ಒಂದು ಗಂಟೆಯ ಅಂತರ ಬೀಳುತ್ತದೆ, ಊರಿನ ಗಡಿಯಾರ ನಂಬಿದವರಿಗೆ ಹಡಗು ತಪ್ಪುತ್ತದೆ. ಕೆರಿಬಿಯನ್ ದ್ವೀಪ ಗ್ರ್ಯಾಂಡ್ ಕೇಮನ್‌ನ ಜಾರ್ಜ್ ಟೌನ್‌ನಲ್ಲಿ ಹಡಗು ಕಟ್ಟೆಗೆ ತಾಗುವುದೇ ಇಲ್ಲ. ಹಡಗಿನಿಂದ ದಡಕ್ಕೆ ಸಣ್ಣ ದೋಣಿಗಳಲ್ಲಿ ಹೋಗಿಬರಬೇಕು, ಆ ಸರದಿಗೂ ಸಮಯ ಹಿಡಿಯುತ್ತದೆ.

ಕಾಯ್ದಿರಿಸುವ ಮೊದಲು ಕೇಳಬೇಕಾದವು ಕೆಲವೇ: ಎಷ್ಟು ಆಳ, ಒಬ್ಬ ಗೈಡ್‌ಗೆ ಎಷ್ಟು ಜನ, ಸೆಳೆತ ಹೇಗಿರುತ್ತದೆ. ಕೊಜುಮೆಲ್‌ನಂಥ ಕಡೆ ಡೈವ್ ಎಂದರೆ ನೀರಿನ ಸೆಳೆತದೊಡನೆ ತೇಲಿಕೊಂಡು ಸಾಗುವುದೇ. ದೋಣಿ ಲಂಗರು ಹಾಕುವುದಿಲ್ಲ, ಮೇಲೆ ಬಂದಲ್ಲಿಗೆ ಬಂದು ಹತ್ತಿಸಿಕೊಳ್ಳುತ್ತದೆ. ಕೆರೆಯಲ್ಲೋ ಕಲ್ಲುಕ್ವಾರಿಯ ನೀರಿನಲ್ಲೋ ಕಲಿತವರಿಗೆ ಇದು ಬೇರೆಯೇ ಪ್ರಪಂಚ. ನಿಮ್ಮ ಹಿಂದಿನ ಡೈವ್‌ಗಳ ಸಂಖ್ಯೆಯನ್ನು ಕೇಳಿದಾಗ ಒಂದನ್ನೂ ಕೂಡಿಸದೆ ಹೇಳಿ. ನಾಲ್ಕಿದ್ದರೆ ನಾಲ್ಕು.

ದೋಣಿಯಲ್ಲಿ ನಾನು ಈಗಲೂ ತಪ್ಪದೆ ಮಾಡುವ ಒಂದು ಪರೀಕ್ಷೆಯನ್ನು ವಿವರಿಸುತ್ತೇನೆ. ಸಿಲಿಂಡರಿನ ವಾಲ್ವ್ ತೆರೆದ ಮೇಲೆ ರೆಗ್ಯುಲೇಟರನ್ನು ಬಾಯಿಗಿಟ್ಟು, ಗೇಜನ್ನು ಕಣ್ಣೆದುರು ಹಿಡಿದು, ನಾಲ್ಕು ಬಾರಿ ಆಳವಾಗಿ ಉಸಿರೆಳೆಯಬೇಕು. ಮುಳ್ಳು ಕದಲದೆ ನಿಂತರೆ ಸರಿ. ಒಮ್ಮೆ ನನ್ನ ಗೇಜಿನಲ್ಲಿ ಮುಳ್ಳು 200 ತೋರಿಸುತ್ತಿತ್ತು, ಉಸಿರೆಳೆದೊಡನೆ 160ಕ್ಕೆ ಕುಸಿದು, ಬಿಟ್ಟೊಡನೆ ಮತ್ತೆ 200ಕ್ಕೆ ಏರಿತು. ಸಹಾಯಕ್ಕೆಂದು ಬಂದ ಯಾರೋ ತೆರೆದಿದ್ದ ವಾಲ್ವನ್ನು ಮುಚ್ಚಿ, ಚೂರು ಮಾತ್ರ ತಿರುಗಿಸಿ ಬಿಟ್ಟಿದ್ದರು. ಮೇಲೆ ಆ ಸಣ್ಣ ಕಿಂಡಿಯಿಂದಲೇ ಬೇಕಾದಷ್ಟು ಗಾಳಿ ಬರುತ್ತದೆ. ಆಳದಲ್ಲಿ ಉಸಿರು ದಟ್ಟವಾದಾಗ ಸಾಲದೆ ಬರುತ್ತದೆ. ದೋಣಿಯ ಸಹಾಯಕರು ಎಷ್ಟೇ ಚುರುಕಾಗಿ ಎಲ್ಲವನ್ನೂ ಜೋಡಿಸಿಕೊಟ್ಟರೂ ವಾಲ್ವ್, ಜಾಕೆಟ್ಟಿಗೆ ಗಾಳಿ ತುಂಬುವ ಗುಂಡಿ, ಸಿಲಿಂಡರಿನ ಪಟ್ಟಿ ಇವನ್ನು ನಿಮ್ಮ ಕೈಯಿಂದ ಮುಟ್ಟಿ ನೋಡಿ. ಅವರು ಬೇಸರಿಸಿಕೊಂಡರೆ ಬೇಸರಿಸಿಕೊಳ್ಳಲಿ.

ಮುಳುಗಲು ಕಟ್ಟಿಕೊಳ್ಳುವ ಸೀಸದ ತೂಕದ ಲೆಕ್ಕವೂ ಅಷ್ಟೇ ಮುಖ್ಯ. ಉಪ್ಪುನೀರು ಸಿಹಿನೀರಿಗಿಂತ ಸುಮಾರು ಶೇಕಡಾ 2.5ರಷ್ಟು ಸಾಂದ್ರ; ಸಲಕರಣೆ ಸೇರಿ 100 ಕಿಲೋ ತೂಗುವವರಿಗೆ ಕೊಳದಲ್ಲಿ ಬಳಸಿದ್ದಕ್ಕಿಂತ ಎರಡೂವರೆ ಕಿಲೋದಷ್ಟು ಹೆಚ್ಚು ಸೀಸ ಬೇಕಾಗುತ್ತದೆ. ಇಷ್ಟಲ್ಲದೆ ಸಾಮಾನ್ಯವಾಗಿ ಸಿಗುವ ಅಲ್ಯೂಮಿನಿಯಂ ಸಿಲಿಂಡರಿನ ಗಾಳಿ ಖರ್ಚಾಗುತ್ತ ಬಂದಂತೆ ಅದು ಎರಡು ಕಿಲೋದಷ್ಟು ಹಗುರಾಗುತ್ತದೆ. ಇದನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ಡೈವಿನ ಕೊನೆಗೆ, ಸುರಕ್ಷತೆಗಾಗಿ 5 ಮೀಟರಿನಲ್ಲಿ ಮೂರು ನಿಮಿಷ ನಿಲ್ಲಬೇಕಾದ ಹೊತ್ತಿಗೆ ಸರಿಯಾಗಿ, ಬೆಂಡಿನಂತೆ ಮೇಲಕ್ಕೆ ತೇಲಿಬಿಡುತ್ತೇವೆ. ಹಾಗೆಂದು ಭಯಕ್ಕೆ ನಾಲ್ಕು ಕಿಲೋ ಜಾಸ್ತಿ ಕಟ್ಟಿಕೊಂಡರೆ ಜಾಕೆಟ್ಟಿಗೆ ಗಾಳಿ ತುಂಬುವುದರಲ್ಲೂ ಬಿಡುವುದರಲ್ಲೂ ಡೈವ್ ಮುಗಿದುಹೋಗುತ್ತದೆ, ಹವಳದ ಮೇಲೆ ಫಿನ್ ಬಡಿಯುತ್ತಲೇ ಇರುತ್ತದೆ.

ಆಳಕ್ಕೂ ಗಾಳಿಗೂ ಇರುವ ಸಂಬಂಧವನ್ನು ಒಮ್ಮೆ ಕಾಗದದ ಮೇಲೆ ಲೆಕ್ಕ ಹಾಕಿದರೆ ಮತ್ತೆ ಮರೆಯುವುದಿಲ್ಲ. ಸಮುದ್ರದಲ್ಲಿ ಪ್ರತಿ 10 ಮೀಟರಿಗೆ ಒಂದು ವಾತಾವರಣದಷ್ಟು ಒತ್ತಡ ಕೂಡುತ್ತದೆ. 11 ಲೀಟರಿನ ಸಿಲಿಂಡರಿನಲ್ಲಿ 200 ಬಾರ್ ತುಂಬಿದ್ದು, 50 ಬಾರ್ ಉಳಿಸಿಕೊಂಡು ಮೇಲೆ ಬರಬೇಕೆಂದರೆ ಖರ್ಚಿಗೆ ಸಿಗುವುದು 1650 ಲೀಟರ್. ಮೇಲ್ಮೈಯಲ್ಲಿ ನಿಮಿಷಕ್ಕೆ 20 ಲೀಟರ್ ಉಸಿರಾಡುವ ಹೊಸಬರಿಗೆ ಇದು 10 ಮೀಟರಿನಲ್ಲಿ 41 ನಿಮಿಷ, 18 ಮೀಟರಿನಲ್ಲಿ ಅರ್ಧ ಗಂಟೆಗೂ ಕಡಿಮೆ, 24 ಮೀಟರಿನಲ್ಲಿ 24 ನಿಮಿಷ ಬರುತ್ತದೆ. ನನ್ನ ಆಮೆಯ ದಿನದ ಗೇಜು ಅಷ್ಟು ಬೇಗ ಇಳಿದದ್ದರಲ್ಲಿ ಯಾವ ನಿಗೂಢವೂ ಇರಲಿಲ್ಲ. 100 ಬಾರ್ ಆದಾಗ ಗೈಡ್‌ಗೆ ತೋರಿಸಿ. ಅವರು ಕೇಳಲಿ ಎಂದು ಕಾಯಬೇಡಿ. ನಿಮ್ಮ ಮಿತಿ 18 ಮೀಟರಾದರೆ ಗುಂಪಿಗಿಂತ ಐದಾರು ಮೀಟರ್ ಮೇಲೆ, ಅವರು ಕಾಣುವಂತೆ ಈಜಿಕೊಂಡು ಹೋಗಬಹುದು. ಇದನ್ನು ದೋಣಿಯಲ್ಲೇ ಹೇಳಿಟ್ಟರೆ ಯಾವ ಒಳ್ಳೆಯ ಗೈಡ್ ಕೂಡ ಅಡ್ಡಿಪಡಿಸುವುದಿಲ್ಲ. ಹೆಬ್ಬೆರಳು ಮೇಲೆತ್ತುವುದು ನೆಲದ ಮೇಲೆ ‘ಭೇಷ್’ ಎಂದಾದರೆ ನೀರಿನಡಿಯಲ್ಲಿ ‘ಮೇಲಕ್ಕೆ ಹೋಗೋಣ’ ಎಂದರ್ಥ, ಮತ್ತು ಆ ಸನ್ನೆಗೆ ಯಾರೂ ಕಾರಣ ಕೇಳಬಾರದೆಂಬುದು ಡೈವಿಂಗಿನ ಹಳೆಯ ನಿಯಮ. ಮೇಲೇರುವಾಗ ನಿಮಿಷಕ್ಕೆ 9 ಮೀಟರಿಗಿಂತ ವೇಗ ಬೇಡ, ಉಸಿರನ್ನು ಮಾತ್ರ ಎಂದೂ ಕಟ್ಟಬೇಡಿ.

ಡೈವಿನ ಜೊತೆಗಾರರನ್ನು ‘ಬಡ್ಡಿ’ ಎನ್ನುತ್ತಾರೆ. ಕನ್ನಡದ ಕಿವಿಗೆ ಅದು ಸಾಲದ ಬಡ್ಡಿಯಾಗಿಯೇ ಕೇಳಿಸುತ್ತದೆ, ಮಾತಾಡಿಕೊಳ್ಳದೆ ಒಪ್ಪಿಕೊಂಡರೆ ಎರಡೂ ಒಂದೇ ರೀತಿ ಕಾಡುತ್ತವೆ. ಒಬ್ಬರೇ ಹೋದವರಿಗೆ ದೋಣಿಯಲ್ಲಿ ಯಾರನ್ನಾದರೂ ಗಂಟುಹಾಕುತ್ತಾರೆ. ನನಗೊಮ್ಮೆ ಸಿಕ್ಕವರು ದೊಡ್ಡ ಕ್ಯಾಮೆರಾ ಹಿಡಿದು, ಸೀಗಡಿಯೊಂದರ ಮುಂದೆ ಹತ್ತು ನಿಮಿಷ ತಪಸ್ಸಿಗೆ ಕುಳಿತಿದ್ದರು. ಅವರ ಮೇಲೆ ನನಗೆ ದೂರಿಲ್ಲ, ನಾನು ಮೊದಲೇ ಕೇಳಬೇಕಿತ್ತು. ಎಷ್ಟು ದೂರದಲ್ಲಿ ಇರೋಣ, ಕಾಣದಾದರೆ ಎಷ್ಟು ಹೊತ್ತು ಹುಡುಕೋಣ, ಹೆಚ್ಚುವರಿ ರೆಗ್ಯುಲೇಟರ್ ಎಲ್ಲಿ ಸಿಕ್ಕಿಸಿಕೊಂಡಿದ್ದೀರಿ ಎಂಬ ಮೂರು ಮಾತು ಸಾಕು.

ಹಡಗಿನ ಜೀವನ ಡೈವಿಗೆ ಹೇಳಿ ಮಾಡಿಸಿದ್ದಲ್ಲ. ರಾತ್ರಿ ತಡವಾಗಿ ಮಲಗಿ, ಮದ್ಯ ಕುಡಿದು, ಬಿಸಿಲಿನಲ್ಲಿ ಒಣಗಿದ ಮೈಯಲ್ಲಿ ನೀರಿನ ಅಂಶ ಕಡಿಮೆಯಾಗಿರುತ್ತದೆ. ಕಡಲಬೇನೆಯ ಮಾತ್ರೆಗಳಲ್ಲಿ ಹಲವು ಮಂಪರು ತರುತ್ತವೆ; ಡೈವಿನ ದಿನವೇ ಮೊದಲ ಬಾರಿ ನುಂಗಿ ನೋಡುವ ಬದಲು ಮೊದಲೇ ಪರೀಕ್ಷಿಸಿಕೊಳ್ಳುವುದು ಜಾಣತನ. ನೆಗಡಿಯಾದಾಗ ಮೂಗು ತೆರೆಸುವ ಔಷಧಿ ಹಾಕಿಕೊಂಡು ಇಳಿದರೆ ಅದರ ಪ್ರಭಾವ ಆಳದಲ್ಲಿರುವಾಗಲೇ ಇಳಿದು, ಮೇಲೇರುವಾಗ ಕಿವಿಯ ಗಾಳಿ ಹೊರಬರಲಾಗದೆ ಸಿಕ್ಕಿಕೊಳ್ಳಬಹುದು.

ಡೈವ್ ಮುಗಿದ ಮೇಲಿನ ಗಂಟೆಗಳೂ ಡೈವಿನ ಭಾಗವೇ. ಆಳದಲ್ಲಿ ಮೈಯೊಳಗೆ ಕರಗಿದ ಸಾರಜನಕ ಹೊರಹೋಗುವ ಮೊದಲೇ ಸುತ್ತಲಿನ ಒತ್ತಡ ಇಳಿದರೆ ಅದು ಗುಳ್ಳೆಗಳಾಗಿ ಕಾಯಿಲೆ ತರಬಹುದು. ಡ್ಯಾನ್ ಸಂಸ್ಥೆಯ ಮಾರ್ಗಸೂಚಿಯಂತೆ ಡಿಕಂಪ್ರೆಷನ್ ನಿಲುಗಡೆ (ಮೇಲೇರುವಾಗ ಕಡ್ಡಾಯವಾಗಿ ನಿಲ್ಲುವುದು) ಬೇಕಿಲ್ಲದ ಒಂದೇ ಡೈವ್ ಮಾಡಿದವರು ಕನಿಷ್ಠ 12 ಗಂಟೆ, ಹಲವು ಡೈವ್ ಅಥವಾ ಹಲವು ದಿನ ಮಾಡಿದವರು ಕನಿಷ್ಠ 18 ಗಂಟೆ ವಿಮಾನ ಹತ್ತಬಾರದು. ಕೊನೆಯ ಬಂದರಿನಲ್ಲಿ ಮಧ್ಯಾಹ್ನ ಮೂರಕ್ಕೆ ಎರಡನೆಯ ಡೈವ್ ಮುಗಿಸಿ, ಮರುದಿನ ಬೆಳಿಗ್ಗೆ ಏಳರ ವಿಮಾನ ಹಿಡಿದರೆ 16 ಗಂಟೆ ಮಾತ್ರ ಆಗುತ್ತದೆ. ಹಡಗಿನ ವೇಳಾಪಟ್ಟಿಯನ್ನೂ ವಿಮಾನದ ಟಿಕೆಟನ್ನೂ ಪಕ್ಕಪಕ್ಕದಲ್ಲಿಟ್ಟು ನೋಡದೆ ಕಾಯ್ದಿರಿಸುವವರು ಎಡವುವುದು ಇಲ್ಲಿಯೇ. ಬೆಳಿಗ್ಗೆ ಡೈವ್, ಮಧ್ಯಾಹ್ನ ಹೆಲಿಕಾಪ್ಟರ್ ಅಥವಾ ಎತ್ತರದ ಬೆಟ್ಟದ ಪ್ರವಾಸ ಎಂಬ ಜೋಡಣೆಯೂ ಇದೇ ತಪ್ಪು. ಹಡಗಿಗೆ ಮರಳಿದೊಡನೆ ಬಿಸಿನೀರಿನ ತೊಟ್ಟಿಗೆ ಇಳಿಯುವ ಆಸೆಯನ್ನೂ ಕೆಲವು ಗಂಟೆ ಮುಂದೂಡಬೇಕು. ಕೀಲುನೋವು, ಜುಮ್ಮೆನ್ನುವಿಕೆ, ಚರ್ಮದ ಮೇಲೆ ಕಲೆ, ವಿಪರೀತ ಆಯಾಸ ಕಂಡುಬಂದರೆ ಭಾರ ಎತ್ತಿದ್ದಕ್ಕೆ ಬಂತೆಂದು ಸಮಾಧಾನ ಹೇಳಿಕೊಳ್ಳದೆ ಹಡಗಿನ ವೈದ್ಯರ ಬಳಿಗೆ ಹೋಗಿ, ಡೈವ್ ಮಾಡಿದ್ದನ್ನು ಮೊದಲ ಮಾತಾಗಿ ಹೇಳಿ ಶುದ್ಧ ಆಮ್ಲಜನಕ ಕೇಳಬೇಕು. ಹಡಗುಗಳಲ್ಲಿ ಸಾಮಾನ್ಯವಾಗಿ ಹೈಪರ್‌ಬಾರಿಕ್ ಚೇಂಬರ್ ಇರುವುದಿಲ್ಲ; ಹಡಗು ಬಂದರು ಬಿಡುವ ಮೊದಲು ಹೇಳುವುದಕ್ಕೂ ಬಿಟ್ಟ ಮೇಲೆ ಹೇಳುವುದಕ್ಕೂ ಬಹಳ ವ್ಯತ್ಯಾಸವಿದೆ.

ಕಳೆದ ಪ್ರವಾಸದಲ್ಲಿ ಹಗ್ಗ ಹಿಡಿದು ಇಳಿಯುತ್ತಿದ್ದಾಗ 4 ಮೀಟರಿನಲ್ಲಿ ನನ್ನ ಎಡಗಿವಿ ನೀರಿನ ಒತ್ತಡಕ್ಕೆ ಹೊಂದಿಕೊಳ್ಳದೆ ನೋಯತೊಡಗಿತು. ಒಂದು ಮೀಟರ್ ಮೇಲೆ ಬಂದೆ, ಮೂಗು ಹಿಡಿದು ಮೆಲ್ಲಗೆ ಊದಿದೆ, ಮತ್ತೆ ಇಳಿದೆ. ಮೂರು ಬಾರಿಯೂ ಅದೇ ನೋವು. ಹೆಬ್ಬೆರಳು ಎತ್ತಿದೆ. ಗೈಡ್ ತಲೆಯಾಡಿಸಿ ನನ್ನನ್ನು ಏಣಿಯವರೆಗೆ ತಲುಪಿಸಿ ಮರಳಿದರು. ಉಳಿದವರು ಬರುವವರೆಗೆ ದೋಣಿಯಲ್ಲಿ ಕುಳಿತು, ನೀರಿನ ಮೇಲೆ ಅವರ ಗುಳ್ಳೆಗಳು ಮೆಲ್ಲನೆ ಬಲಕ್ಕೆ ಸರಿಯುವುದನ್ನು ನೋಡುತ್ತಿದ್ದೆ. ಲಾಗ್‌ಬುಕ್ಕಿನ ಆ ದಿನದ ಪುಟದಲ್ಲಿ ಡೈವಿನ ಸಂಖ್ಯೆಯಿಲ್ಲ. ದಿನಾಂಕವೂ ‘ಎಡಗಿವಿ’ ಎಂಬ ಒಂದೇ ಪದವೂ ಇವೆ.